ಆಶುನಾಟಕಕ್ಕೆ ಬಂದ ಅತಿಥಿ

ಮಕ್ಕಳ ಬಾಯಲ್ಲಿ ಕನ್ನಡ ಬರುವುದಿಲ್ಲ ಎಂದು ಕೊರಗುವವರು ಅವರಿಂದ ನಾಟಕ ಆಡಿಸಬಾರದು. ನಾನು ಆಡಿಸಿದೆ. ಅದರ ನಡುಕ ಇನ್ನೂ ಪೂರ್ತಿ ಇಳಿದಿಲ್ಲವಾದ್ದರಿಂದ, ಕಂಡದ್ದನ್ನು ಕಂಡ ಕ್ರಮದಲ್ಲೇ ನಿಧಾನವಾಗಿ ಹೇಳುತ್ತೇನೆ.

ವಾರವೆಲ್ಲ ದೆಹಲಿಯ ಸರಕಾರಿ ಕಚೇರಿಯೊಂದರಲ್ಲಿ ಕಡತ ನೋಡುವ ನಾನು, ಭಾನುವಾರ ಬೆಳಗ್ಗೆ ಘಾಜಿಯಾಬಾದಿನ ನಮ್ಮ ಅಪಾರ್ಟ್‌ಮೆಂಟ್ ಹಾಲ್‌ನಲ್ಲಿ ಕನ್ನಡ ಮೇಷ್ಟ್ರು. ಇಲ್ಲಿನ ನಮ್ಮ ಮಕ್ಕಳಿಗೆ ಕನ್ನಡ ಕಿವಿಗೆ ಹೋಗುತ್ತದೆ, ಬಾಯಿಗೆ ಬರುವುದಿಲ್ಲ. "ತಿಂಡಿ ಆಯ್ತಾ ನಿಧಿ?" ಎಂದರೆ "ಹೋ ಗಯಾ ಅಂಕಲ್" ಎಂದು ಹಿಂದಿಯಲ್ಲೇ ಉತ್ತರಿಸುತ್ತಾಳೆ. ನನ್ನ ಹೆಂಡತಿಯ ಅಭಿಪ್ರಾಯ ಬೇರೆ: "ನೀವು ವ್ಯಾಕರಣ ಶುರು ಮಾಡಿದ್ರೆ ನಂಗೇ ಕನ್ನಡ ಮರೆತುಹೋಗುತ್ತೆ."

ಹೀಗಿರುವಾಗ ಸೊಸೈಟಿಯ ಕಾರ್ಯದರ್ಶಿ, ಕನ್ನಡ ಬಾರದ ಗುಪ್ತಾಜಿ, ಎಂದಿನಂತೆ ಕೈ ಹಿಂದೆ ಕಟ್ಟಿ ಗೋಡೆ ಒತ್ತಿ ನೋಡುತ್ತಾ ಬಂದು, ಹಾಲನ್ನು ಯೋಗದವರಿಗೆ ಕೊಡುವ ಮಾತೆತ್ತಿದರು. "ಮಾಸ್ಟರ್‌ಜೀ, ಬಚ್ಚೇ ಕುಛ್ ಬೋಲ್ತೇ ಭೀ ಹೈಂ?" ಮಕ್ಕಳು ಕನ್ನಡ ಮಾತಾಡುವುದನ್ನು ತಾವೇ ಬಂದು ಕಂಡರೆ ಮಾತ್ರ ಹಾಲ್ ನಮಗೆ ಎಂದರು. ಹಾಲ್ ಹೋದರೆ ತರಗತಿಯೂ ಹೋಯಿತು. ಅಷ್ಟು ಮಕ್ಕಳನ್ನು ಕೂರಿಸುವಂಥ ಮನೆ ನಮ್ಮಲ್ಲಿ ಯಾರಿಗೂ ಇಲ್ಲ.

ಫರೀದಾಬಾದಿನಲ್ಲಿ ಶಾಲಾಶಿಕ್ಷಕಿಯಾಗಿರುವ ನನ್ನ ನಾದಿನಿ ಆಶುನಾಟಕದ ಉಪಾಯ ಕೊಟ್ಟಳು. ಬರೆದ ಮಾತಿಲ್ಲ, ಬಾಯಿಪಾಠವಿಲ್ಲ. ಸನ್ನಿವೇಶವೊಂದನ್ನು ಕೊಟ್ಟರೆ ಮಕ್ಕಳೇ ಮಾತು ಹುಟ್ಟಿಸಬೇಕು. ನಾನು ಸಭ್ಯವಾದದ್ದನ್ನೇ ಆರಿಸಿದೆ: ಮನೆಗೆ ಅತಿಥಿ ಬಂದಿದ್ದಾರೆ.

ಆ ಭಾನುವಾರ ಹಿಂದಿನ ಸಾಲಿನಲ್ಲಿ ಅಪ್ಪ ಅಮ್ಮಂದಿರು, ಅವರ ನಡುವೆ ಗುಪ್ತಾಜಿ. ಅತಿಥಿಯ ಪಾತ್ರದ ಹುಡುಗ ರೋಹನ್ ಕೈ ಹಿಂದೆ ಕಟ್ಟಿಕೊಂಡು, ಕೆಮ್ಮುತ್ತಾ, ಗೋಡೆಯನ್ನು ಬೆರಳಿನಿಂದ ಒತ್ತಿ ನೋಡುತ್ತಾ ಬಂದ. ಅದು ಯಾರೆಂದು ಗುಪ್ತಾಜಿಯೊಬ್ಬರನ್ನು ಬಿಟ್ಟು ಎಲ್ಲರಿಗೂ ತಿಳಿಯಿತು. ಮನೆಯೊಡತಿ ನಿಧಿ ನಗುತ್ತಾ "ಆಯಿಯೇ ಅಂಕಲ್‌ಜೀ, ಬೈಠಿಯೇ" ಎಂದು ಹಿಂದಿಯಲ್ಲಿ ಕರೆದು ಕೂರಿಸಿದಳು. ಅದೇ ನಗು ಒಂದೆಳೆಯೂ ಮಾಸದಂತೆ ಗಂಡನ ಪಾತ್ರದವನತ್ತ ತಿರುಗಿದಳು.

"ಬಂದ್ರು ನೋಡಿ. ಟೀ ಗೀ ಅನ್ಬೇಡಿ, ಟೀ ಕೊಟ್ರೆ ಈ ಪುಣ್ಯಾತ್ಮ ಏಳೋದೇ ಇಲ್ಲ. ಆ ಗೋಡಂಬಿ ಡಬ್ಬಿ ಒಳಗಿಡಿ. ಹೋದ್ಸಲ ಮುಷ್ಟಿ ಮುಷ್ಟಿ ಮುಕ್ಕಿ ಹೋದ್ರು."

ಹಿಂದಿಯ ಸೋಂಕಿಲ್ಲದ ಕನ್ನಡ. ತರಕಾರಿ ಭಯ್ಯಾನ ಮುಂದೆ, ಮೆಟ್ರೋದಲ್ಲಿ, ನೆರೆಯವರ ಸೋಫಾದ ಮೇಲೆ, ಮುಖದಲ್ಲಿ ನಗುವಿಟ್ಟುಕೊಂಡು ಮನಸ್ಸಿನದ್ದನ್ನು ಕನ್ನಡದಲ್ಲಿ ಆಡಿಕೊಳ್ಳುವುದು ಇಲ್ಲಿ ನಮ್ಮೆಲ್ಲರ ಪದ್ಧತಿ. ಮಕ್ಕಳು ನಿಜವಾಗಿ ಕನ್ನಡ ಕಲಿತದ್ದು ಆ ಶಾಲೆಯಲ್ಲಿ. ನಿಧಿಯ ತಾಯಿ ಪರ್ಸಿನೊಳಗೆ ತಲೆ ಹಾಕಿ ಏನನ್ನೋ ಹುಡುಕತೊಡಗಿದರು.

ಗುಪ್ತಾಜಿ ಚಪ್ಪಾಳೆ ತಟ್ಟಿದರು. "ವಾಹ್, ಕ್ಯಾ ಬೋಲೀ ಬಿಟಿಯಾ?"

ಮಗು ಏನೆಂದಳೆಂದು ನಾನೇ ಹೇಳಲಿ ಎಂಬಂತೆ ಎಲ್ಲರೂ ನನ್ನನ್ನೇ ನೋಡಿದರು. ಅತಿಥಿ ದೇವರ ಸಮಾನ, ಮನೆಯಲ್ಲಿರುವುದನ್ನೆಲ್ಲ ತಂದು ಮುಂದಿಡಿ ಎಂದು ಗಂಡನಿಗೆ ಹೇಳುತ್ತಿದ್ದಾಳೆ ಎಂದು ಹಿಂದಿಯಲ್ಲಿ ವಿವರಿಸಿದೆ. ಗುಪ್ತಾಜಿಯ ಕಣ್ಣು ತೇವವಾಯಿತು.

"ಹಾಲ್ ಆಪ್‌ಕಾ, ಮಾಸ್ಟರ್‌ಜೀ" ಎಂದವರು ಅಲ್ಲಿಗೇ ನಿಲ್ಲಿಸಲಿಲ್ಲ. ತಾವೂ ಕನ್ನಡ ಕಲಿಯುವುದಾಗಿ ಹೇಳಿದರು. ಮೊದಲು ಆ ಹುಡುಗಿಯ ಮಾತನ್ನೇ ಕಲಿಸಬೇಕಂತೆ. ನಮ್ಮವರ ಯಾರ ಮನೆಗೆ ಹೋದರೂ ಬಾಗಿಲಲ್ಲೇ ಹೇಳುತ್ತಾರಂತೆ.

ಅಂದಿನಿಂದ ಅವರು ಒಂದು ಭಾನುವಾರವೂ ತಪ್ಪಿಸಿಲ್ಲ. ಮಕ್ಕಳು ಈಗ ಕಥೆ ಹೇಳುತ್ತಾರೆ. ಗುಪ್ತಾಜಿ ಮಾತ್ರ ಮುಂದಿನ ಸಾಲಿನಲ್ಲಿ ಕುಳಿತು ಇನ್ನೂ ಅಕ್ಷರಮಾಲೆಯಲ್ಲಿದ್ದಾರೆ. ಆ ಹುಡುಗಿಯ ಮಾತು ಯಾವಾಗ ಎಂದು ಕೇಳಿದಾಗಲೆಲ್ಲ "ಉಚ್ಚಾರಣೆ ಇನ್ನೂ ಪಕ್ವವಾಗಬೇಕು" ಎನ್ನುತ್ತೇನೆ. "ಅಚ್ಛಾ ಮಾಸ್ಟರ್‌ಜೀ" ಎಂದು ಮತ್ತೆ ಅ ಆ ಇಂದ ಶುರು ಮಾಡುತ್ತಾರೆ. ಮೊನ್ನೆ ಅವರು ಹೇಳಿದ 'ಳ' ನನ್ನದಕ್ಕಿಂತ ಚೆನ್ನಾಗಿತ್ತು. ಸರಿಯಾಗಿಲ್ಲ ಎಂದೆ.