ಅಟ್ಟ ಸೇರಿದ ಕವಚ

ಗಂಗಾಧರಯ್ಯನವರಿಗೆ ಆ ಬೇಸಿಗೆಯಲ್ಲಿ ಇದ್ದದ್ದು ಒಂದೇ ಕೊರಗು. ಅವರ ವೀರ ಪ್ರತಿಸಲವೂ ಬರಿಮೈಯಲ್ಲೇ ಸಾಯುತ್ತಿದ್ದ. ಅದೂ ಬೆನ್ನಮೇಲಿನ ಚೀಲದ ತುಂಬ ಕವಚ ತುಂಬಿಕೊಂಡು.

ವೀರ ಅಂದರೆ ಟೀವಿಯೊಳಗಿನ ವೀರ. ಅವರ ಹೆಂಡತಿ ಸಿದ್ದಮ್ಮನ ತಮ್ಮ ಮಾಯಣ್ಣ ಅಮ್ಮಸಂದ್ರದಲ್ಲಿ ಕೆಲಸಕ್ಕಿದ್ದ. ಟ್ರೈನಿಂಗು ಅಂತ ಬೊಂಬಾಯಿಗೆ ಹೋದವನು ಬರುವಾಗ ಟೀವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆಯೊಂದನ್ನು ತಂದುಬಿಟ್ಟ. ತಂದಮೇಲೆ ನೆನಪಾಯಿತು, ಅವನ ಮನೆಯಲ್ಲಿ ಟೀವಿಯೇ ಇಲ್ಲ. "ಭಾವ, ನಾನೊಂದು ಟೀವಿ ತಗಳೋಗಂಟ ಇದು ನಿಮ್ಮನೇಲೇ ಇರ್ಲಿ" ಅಂತ ತುರುವೇಕೆರೆ ದಾರಿಯಲ್ಲಿದ್ದ ಅಕ್ಕನ ತೋಟದ ಮನೆಗೆ ತಂದಿಟ್ಟು, ಗುಂಡಿ ಒತ್ತುವುದನ್ನು ಹೇಳಿಕೊಟ್ಟು ಬಸ್ಸು ಹತ್ತಿದ.

ಆಟ ಇಷ್ಟೇ. ಕತ್ತಿ ಹಿಡಿದ ವೀರನೊಬ್ಬ ಕೋಟೆಯಿಂದ ಕೋಟೆಗೆ ಹೋಗಬೇಕು. ದಾರಿಯಲ್ಲಿ ಬಾವಲಿ, ಹಾವು, ಮೇಲಿಂದ ಬೀಳುವ ಬಂಡೆ. ನಡುನಡುವೆ ಪೆಟ್ಟಿಗೆಗಳು. ಮುಚ್ಚಳ ತೆಗೆದರೆ ಒಂದೊಂದರಲ್ಲಿ ಒಂದೊಂದು ಮಂತ್ರದ ಸಾಮಾನು: ಬೆಂಕಿ ತಾಗದ ಎದೆಗವಚ, ಬಂಡೆ ಬಿದ್ದರೂ ಬಿರಿಯದ ಶಿರಸ್ತ್ರಾಣ, ವಿಷ ಹತ್ತದ ಉಂಗುರ. ಸಾಮಾನು ಸಿಕ್ಕ ಕೂಡಲೇ ಟೀವಿ ಕೇಳುತ್ತದೆ, ಈಗಲೇ ತೊಡುತ್ತೀಯೋ, ಚೀಲಕ್ಕೆ ಹಾಕುತ್ತೀಯೋ ಅಂತ. (ಇಂಗ್ಲಿಷಿನಲ್ಲಿ ಕೇಳುತ್ತದೆ. ಗಂಗಾಧರಯ್ಯನವರು ಎಸ್ಸೆಸ್ಸೆಲ್ಸಿ. ಹಳೇ ಕಾಲದ್ದು.)

ಗಂಗಾಧರಯ್ಯನವರು ಒಂದು ಸಲವೂ ತೊಡಿಸಲಿಲ್ಲ.

"ಹೊಸಾ ಕವಚ ಕಣೇ. ತಳತಳ ಅಂತೈತೆ. ಇದನ್ನ ಈಗ್ಲೇ ಹಾಕಿ ಬಾವಲಿ ಕೈಲಿ ಪರಚಿಸ್ಲಾ? ಕೊನೇ ಕೋಟೇಲಿ ರಾಕ್ಷಸ ಅವ್ನಂತೆ. ಅವನಿಗೆ ಇರ್ಲಿ."

ಸಿದ್ದಮ್ಮ ಪಕ್ಕದಲ್ಲಿ ಕೂತು ಅವರೆಕಾಳು ಆರಿಸುತ್ತಿದ್ದಳು. "ರೀ, ರಾಕ್ಷಸನ ತಂಕ ಇವನು ಬದುಕಿರಬೇಕಲ್ವಾ?"

"ನಿಂಗಿದೆಲ್ಲ ತಿಳಿಯಾಕಿಲ್ಲ, ಸುಮ್ಕಿರು" ಅನ್ನುವಷ್ಟರಲ್ಲಿ ಬಾವಲಿ ಬಂದು ವೀರನ ಮೇಲೆ ಎರಗಿತು. ವೀರ ಅಂಗಾತ ಬಿದ್ದ. ಅವನ ಜೊತೆ ಎರಡು ಕವಚ, ಒಂದು ಶಿರಸ್ತ್ರಾಣ, ಒಂದು ಉಂಗುರ ಎಲ್ಲವೂ ಮಣ್ಣುಪಾಲಾದವು. ಗಂಗಾಧರಯ್ಯನವರಿಗೆ ವೀರ ಸತ್ತ ಬೇಜಾರಿಗಿಂತ ಆ ಹೊಸ ಸಾಮಾನು ಹೋಯಿತಲ್ಲ ಅನ್ನುವ ಸಂಕಟ ಹೆಚ್ಚು.

ಇದು ಅವರ ಹುಟ್ಟುಗುಣ. ಟೀವಿಗೆ ಅಂಗಡಿಯವರು ಸುತ್ತಿದ ಪ್ಲಾಸ್ಟಿಕ್ಕು ಇನ್ನೂ ಹಾಗೇ ಇತ್ತು, ವಾರ್ತೆ ಓದುವವರು ಮಂಜಿನೊಳಗೆ ಕೂತು ಓದುತ್ತಿದ್ದರು. ಸೆಲ್ಲು ಸವೆಯಬಾರದು ಅಂತ ಬ್ಯಾಟರಿ ದೀಪದಿಂದ ಸೆಲ್ಲು ತೆಗೆದಿಟ್ಟು, ಖಾಲಿ ಬ್ಯಾಟರಿ ಹಿಡಿದು ತೋಟಕ್ಕೆ ಹೋಗಿ ಗುಂಡಿಗೆ ಬಿದ್ದಿದ್ದರು. ಹೊಸ ಚಪ್ಪಲಿಯನ್ನು ಕೆಸರು ಕಂಡಲ್ಲಿ ಕೈಗೆ ತೆಗೆದುಕೊಂಡು, ಕಲ್ಲುಮುಳ್ಳು ಕಂಡಲ್ಲೂ ಕೈಗೇ ತೆಗೆದುಕೊಳ್ಳುತ್ತಿದ್ದರು. ಪಾಪ, ತಪ್ಪು ಅವರೊಬ್ಬರದೇ ಅಲ್ಲ. ನಮ್ಮ ಕಡೆ ಎಲ್ಲರೂ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ, ಕೆಳಗಿನ ಒಲೆಯ ಹೊಗೆ ಕುಡಿಸಿ, ವರ್ಷಗಟ್ಟಲೆ ಮುಟ್ಟದೆ ಕಾಯುತ್ತೇವೆ. ಕಾಯಿಯಾಗಿ ಹತ್ತಿದ್ದು ಕೊಬ್ಬರಿಯಾಗಿ ಇಳಿಯುತ್ತದೆ. ಹಾಗಾಗಿ ಅಟ್ಟಕ್ಕೆ ಹಾಕಿದ್ದು ಯಾವುದೇ ಇರಲಿ, ಇಳಿಯುವಾಗ ಇನ್ನಷ್ಟು ಚೆನ್ನಾಗಿಯೇ ಇರುತ್ತದೆ ಅಂತ ಗಂಗಾಧರಯ್ಯನವರ ಲೆಕ್ಕಾಚಾರ.

ಆ ಲೆಕ್ಕಾಚಾರಕ್ಕೆ ಬಲಿಯಾದದ್ದು ಸಿದ್ದಮ್ಮನ ರೈನ್‌ಕೋಟು.

ಸಿದ್ದಮ್ಮನದು ಅಂದರೆ ಅವಳು ಕೊಡಿಸಿದ್ದು. ಹೋದ ವರ್ಷದ ಮುಂಗಾರಿನಲ್ಲಿ ಗಂಗಾಧರಯ್ಯನವರು ಶೆಟ್ಟಿಕೆರೆಯಿಂದ ಬರುವಾಗ ತೊಪ್ಪನೆ ನೆಂದು, ಜ್ವರ ಬಂದು, ಎದೆಯಲ್ಲಿ ಕಫ ಕಟ್ಟಿ ಮಲಗಿಬಿಟ್ಟಿದ್ದರು. ಒಂದು ಹಂತದಲ್ಲಿ ಡಾಕ್ಟರು ಮುಖ ಸಪ್ಪೆ ಮಾಡಿದ್ದರಂತೆ. ಅವರು ಎದ್ದು ಓಡಾಡುವಂತಾದ ಮೇಲೆ ಸಿದ್ದಮ್ಮ ಬೆಣ್ಣೆ ಮಾರಿ ಕೂಡಿಟ್ಟಿದ್ದ ದುಡ್ಡು ತೆಗೆದುಕೊಂಡು ಒಬ್ಬಳೇ ತಿಪಟೂರಿಗೆ ಹೋಗಿ, ಕರೀ ರಬ್ಬರಿನ ರೈನ್‌ಕೋಟು ತಂದು ಗಂಡನ ಕೈಲಿಟ್ಟಳು. ಮದುವೆಯಾದಾಗಿನಿಂದ ಅವಳು ಅಂಗಡಿಗೆ ಹೋಗಿ ಗಂಡನಿಗೆ ಅಂತ ಕೊಂಡ ವಸ್ತು ಅದೊಂದೇ. ಗಂಗಾಧರಯ್ಯನವರು ಅದನ್ನು ಎರಡು ಸಲ ಬಿಡಿಸಿ ಎರಡು ಸಲ ಮಡಿಸಿದರು. ಅಷ್ಟು ಬೆಲೆಬಾಳುವ ವಸ್ತು ಅಂತ ಅನ್ನಿಸಿದ್ದರಿಂದಲೇ ಹಾಕಿಕೊಳ್ಳದೆ ಅಟ್ಟದ ಮೇಲೆ ಎತ್ತಿಟ್ಟರು.

ಹನಿ ಮಳೆ ಬಂದರೆ "ಇಷ್ಟಕ್ಕೆಲ್ಲ ಅದ್ಯಾಕೆ" ಅನ್ನುತ್ತಿದ್ದರು. ಜೋರು ಮಳೆ ಬಂದರೆ "ಇಂಥಾ ಮಳೇಲಿ ಹಾಕ್ಕಂಡ್ರೆ ಅದು ನೆಂದು ಹಾಳಾಗಲ್ವಾ" ಅನ್ನುತ್ತಿದ್ದರು. ಈ ಎರಡರ ನಡುವಿನ ಮಳೆ ನಮ್ಮ ಸೀಮೆಗೆ ಬರಲೇ ಇಲ್ಲ.

ವೀರ ಬಾವಲಿಗೆ ಬಲಿಯಾದ ಆ ದಿನ ಸಿದ್ದಮ್ಮ ಮೊರ ಪಕ್ಕಕ್ಕಿಟ್ಟು ಟೀವಿ ನೋಡುತ್ತಲೇ ಹೇಳಿದಳು. "ಅವನ ಕವಚ, ನಿಮ್ಮ ರೈನ್‌ಕೋಟು ಎರಡೂ ಒಂದೇ ಅನ್ನಿ. ನಾನು ಸತ್ತಮೇಲಾದ್ರೂ ಹಾಕ್ಕಳಿ."

ಸಿಟ್ಟಿನಲ್ಲಿ ಅಂದಿದ್ದರೆ ಗಂಗಾಧರಯ್ಯನವರು ತಿರುಗಿಸಿ ಏನಾದರೂ ಅಂದಿರುತ್ತಿದ್ದರು. ಅವಳು ಸುಮ್ಮನೆ, ಉಪ್ಪು ಕಮ್ಮಿ ಅಂದಷ್ಟು ಸಲೀಸಾಗಿ ಅಂದು ಒಳಗೆ ಹೋದಳು. ಅವರು ಟೀವಿ ಆರಿಸಿದರು. ಬರುವ ಮಳೆಗೆ ಹಾಕಿಕೊಂಡೇ ತೀರುತ್ತೇನೆ, ಅವಳ ಕಣ್ಣೆದುರೇ ಹಾಕಿಕೊಳ್ಳುತ್ತೇನೆ ಅಂತ ನಿಶ್ಚಯ ಮಾಡಿದರು.

ಮಾರನೆ ದಿನ ಸಿದ್ದಮ್ಮ ಬಟ್ಟೆ ಒಗೆಯಲು ಹೋದಾಗ ಅಟ್ಟ ಹತ್ತಿದರು. ಕಾಯಿರಾಶಿಯ ಹಿಂದೆ, ಹೆಂಚಿನ ಅಡಿ, ಜೋಪಾನವಾಗಿ ಮಡಿಸಿಟ್ಟ ರೈನ್‌ಕೋಟು ಇತ್ತು. ಒಂದು ವರ್ಷ ಮೇಲಿನ ಬಿಸಿಲು, ಕೆಳಗಿನ ಹೊಗೆ ಎರಡನ್ನೂ ಉಂಡು ಗಟ್ಟಿ ಮುದ್ದೆಯಾಗಿತ್ತು. ತೋಳು ಯಾವುದು, ಕಾಲರು ಯಾವುದು ಗೊತ್ತಾಗಲಿಲ್ಲ. ಎಳೆದರೆ ಒಂದಕ್ಕೊಂದು ಅಂಟಿಕೊಂಡು ಬಿಡಲೊಲ್ಲದು. ಗಂಗಾಧರಯ್ಯನವರು ಕಾಯಿರಾಶಿಯ ಮೇಲೇ ಕುಸಿದು ಕೂತರು.

ಆಗ ಹೊಳೆಯಿತು ಉಪಾಯ. ಕೊಬ್ಬರಿ ಎಣ್ಣೆ! ಕಿರುಗುಟ್ಟುವ ಬಾಗಿಲಿಂದ ಹಿಡಿದು ಹಸುವಿನ ಒಡೆದ ಕೆಚ್ಚಲಿನವರೆಗೆ ಕೊಬ್ಬರಿ ಎಣ್ಣೆಗೆ ಬಗ್ಗದ್ದು ನಮ್ಮ ಕಡೆ ಯಾವುದಿದೆ? ಹಲಸಿನ ಮೇಣವೇ ಎಣ್ಣೆ ಸವರಿದರೆ ಕೈ ಬಿಡುತ್ತದೆ, ಇನ್ನು ರಬ್ಬರು ಯಾವ ಮಹಾ. ಡಬ್ಬಿಯಲ್ಲಿದ್ದ ಎಣ್ಣೆಯನ್ನೆಲ್ಲ ಬಗ್ಗಿಸಿ, ಎಳೆಮಗುವಿಗೆ ತಿಕ್ಕುವಂತೆ ತಿಕ್ಕಿದರು. ನಿಜಕ್ಕೂ ಮಡಿಕೆಗಳು ಒಂದೊಂದಾಗಿ ಬಿಚ್ಚಿಕೊಂಡವು. ಮಿರಮಿರ ಮಿಂಚುವ ಕೋಟನ್ನು ಕೊಟ್ಟಿಗೆಯ ಹಿಂದೆ ನೇತುಹಾಕಿ, ಸಂಜೆ ಗೆದ್ದವರ ಹಾಗೆ ಎರಡು ಮುದ್ದೆ ಉಂಡರು. "ಎಣ್ಣೆ ಡಬ್ಬಿ ಯಾಕ್ರೀ ಖಾಲಿ?" ಅಂದದ್ದಕ್ಕೆ "ಮಂಡಿನೋವು" ಅಂದರು.

ಎರಡು ದಿನ ಬಿಟ್ಟು ಮಧ್ಯಾಹ್ನ ಮೋಡ ಕವಿದು ಮಳೆ ಹಿಡಿಯಿತು. ಗಂಗಾಧರಯ್ಯನವರು ಬಿಳಿ ಅಂಗಿಯ ಮೇಲೆ ರೈನ್‌ಕೋಟು ಏರಿಸಿ, ಗುಂಡಿಯೆಲ್ಲ ಹಾಕಿ, ಅಂಗಳದಲ್ಲಿ ನಿಂತು "ಸಿದ್ದಮ್ಮಾ" ಅಂತ ಕೂಗಿದರು.

ಸಿದ್ದಮ್ಮ ಬಾಗಿಲಿಗೆ ಬಂದಳು. ನೋಡಿದಳು. ಅವಳ ಮುಖ ಅರಳಿದ್ದನ್ನು ಗಂಗಾಧರಯ್ಯನವರು ಸಾಯುವವರೆಗೂ ಮರೆಯುವ ಹಾಗಿಲ್ಲ. ಸೆರಗು ತಲೆಮೇಲೆ ಎಳೆದುಕೊಂಡು ಮಳೆಗೇ ಇಳಿದು ಬಂದು, ಕಾಲರು ಸರಿ ಮಾಡಲು ಕೈ ಇಟ್ಟಳು. ಕೈ ಅಲ್ಲೇ ಅಂಟಿಕೊಂಡಿತು.

ಕಷ್ಟಪಟ್ಟು ಬಿಡಿಸಿಕೊಂಡಳು. ಎಣ್ಣೆ ಕುಡಿದ ರಬ್ಬರು ಮೇಣವಾಗಿ ಬೆರಳ ತುಂಬ ಕರೀ ಅಂಟು, ಮೂಗಿಗೆ ಕೊಬ್ಬರಿ ಎಣ್ಣೆಯ ವಾಸನೆ. ಅಷ್ಟರಲ್ಲಿ ಗಂಗಾಧರಯ್ಯನವರ ತೋಳು ಪಕ್ಕೆಗೆ ಅಂಟಿತ್ತು, ಬೆನ್ನು ಅಂಗಿಗೆ ಅಂಟಿತ್ತು, ಗುಂಡಿ ಹಿಡಿದರೆ ಗುಂಡಿಯೇ ಕೈಗೆ ಬರುತ್ತಿತ್ತು. ಅವರನ್ನು ಜಗಲಿಯ ಮೇಲೆ ಕೂರಿಸಿ ಸಿದ್ದಮ್ಮ ಕತ್ತರಿ ತಂದಳು. ಕೋಟು, ಅಂಗಿ, ಎದೆಯ ಮೇಲಿನ ಒಂದಿಷ್ಟು ಕೂದಲು ಎಲ್ಲವನ್ನೂ ಒಟ್ಟಿಗೇ ಕತ್ತರಿಸಿ ತೆಗೆದಳು. ಒಳಗೆ ಗಂಗಾಧರಯ್ಯನವರು ತೊಪ್ಪನೆ ನೆಂದಿದ್ದರು. ರಬ್ಬರು ಎಲ್ಲಾ ಕಡೆ ಬಿರುಕು ಬಿಟ್ಟಿತ್ತು.

"ಕೆಡಬಾರ್ದು ಅಂತ ಅಟ್ಟದ ಮೇಲೆ ಮಡಗಿದ್ದೆ ಕಣೇ."

"ಕೊಬ್ಬರಿ ಆಯ್ತದೆ ಅಂತ ಮಡಗಿದ್ರಾ?"

ಬೈಯಲಿ ಅಂತ ಕಾದರು. ಬೈದುಬಿಟ್ಟಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಅವಳು ತುಂಡುಗಳನ್ನೆಲ್ಲ ಮೊರಕ್ಕೆ ಹಾಕಿಕೊಂಡು ಎದ್ದಳು. "ಅಂಗಡೀಲಿ ಅಳತೆ ಕೇಳಿದ್ರು. ನಂಗೇನು ಗೊತ್ತು? ಆ ಅಂಗಡಿಯವರ ಭುಜ ನೋಡಿ, 'ನಮ್ಮೆಜಮಾನ್ರು ನಿಮಗಿಂತ ಒಂಚೂರು ಅಗಲ ಅವ್ರೆ' ಅಂದಿದ್ದೆ. ಅಳತೆ ಸರಿಯಾಗೇ ಇತ್ತು ಬುಡಿ." ಅಷ್ಟು ಹೇಳಿ ತಿಪ್ಪೆಯ ಕಡೆ ನಡೆದಳು.

ಅಂದು ಸಂಜೆ ಆಟದ ಗುಂಡಿಗಳನ್ನು ಸಿದ್ದಮ್ಮನೇ ಕೈಗೆ ತೆಗೆದುಕೊಂಡಳು. ಗಂಡನನ್ನು ಇಂಗ್ಲಿಷು ಓದಲು ಕೂರಿಸಿಕೊಂಡು, ಸಿಕ್ಕಿದ್ದನ್ನೆಲ್ಲ ಸಿಕ್ಕಲ್ಲೇ ವೀರನಿಗೆ ತೊಡಿಸಿದಳು. ಬಾವಲಿ ಎರಗಿದರೆ ಕವಚ ಟಣ್ ಅಂದಿತು. ಬಂಡೆ ಬಿದ್ದು ಪುಡಿಯಾಯಿತು. ವೀರ ಮದುವಣಿಗನಂತೆ ಕೊನೇ ಕೋಟೆಗೆ ನಡೆದ. ಅಲ್ಲಿ ರಾಕ್ಷಸ ಬೆಂಕಿಯುಸಿರು ಬಿಟ್ಟ ಏಟಿಗೆ, ದಾರಿಯುದ್ದಕ್ಕೂ ಪೆಟ್ಟು ತಿಂದು ಸವೆದಿದ್ದ ಕವಚದ ಸಮೇತ ವೀರ ಸುಟ್ಟುಹೋದ.

"ನೋಡಿದ್ಯಾ? ನೀನು ಆಗ್ಲೇ ಸವೆಸಿಬುಟ್ಟಿದ್ದೆ. ಕೊನೆಗೆ ಸತ್ತ" ಅಂದರು ಗಂಗಾಧರಯ್ಯನವರು, ಸ್ವಲ್ಪ ಆಸೆಯಿಂದಲೇ.

"ಸತ್ತ. ಹಾಕ್ಕಂಡು ಸತ್ತ" ಅಂದಳು ಸಿದ್ದಮ್ಮ.

ಆ ರಾತ್ರಿಯೇ ಗಂಗಾಧರಯ್ಯನವರು ಟೀವಿಯ ಪ್ಲಾಸ್ಟಿಕ್ಕು ಕಿತ್ತು ಹಾಕಿದರು, ಬ್ಯಾಟರಿಗೆ ಸೆಲ್ಲು ತುಂಬಿದರು. ಇನ್ನು ಮೇಲೆ ಅವಳು ಏನು ಕೊಟ್ಟರೂ ಆ ಕ್ಷಣವೇ ಮೈಮೇಲೆ ಹಾಕಿಕೊಳ್ಳುತ್ತೇನೆ ಅಂತ ಮನಸ್ಸಿನೊಳಗೇ ಆಣೆ ಇಟ್ಟರು.

ವಾರದಲ್ಲಿ ಮತ್ತೆ ಮಳೆ ಬಂತು. ಹಸು ತೋಟದಲ್ಲಿತ್ತು. ಗಂಗಾಧರಯ್ಯನವರು ಹೊರಡುವಾಗ ಸಿದ್ದಮ್ಮ ಒಂದು ಗೋಣಿಚೀಲ ತಂದು, ಒಂದು ಮೂಲೆಯನ್ನು ಇನ್ನೊಂದರೊಳಗೆ ತೂರಿಸಿ ಕೊಪ್ಪೆ ಮಾಡಿ ಅವರ ತಲೆಗೆ ಹಾಕಿದಳು. "ಇದನ್ನಾದ್ರೂ ಹಾಕ್ಕಳಿ" ಅಂದಳು. ಅವರು ಕಣ್ಣು ಒದ್ದೆ ಮಾಡಿಕೊಂಡು, ಕೊಪ್ಪೆಯನ್ನು ಎರಡೂ ಕೈಯಲ್ಲಿ ಬಿಗಿ ಹಿಡಿದುಕೊಂಡು ಮಳೆಗೆ ಇಳಿದರು.

ತೋಟದ ಬೇಲಿ ದಾಟುವಾಗ ಕಣ್ಣು ಗೋಣಿಯ ಅಂಚಿನ ಮೇಲೆ ಬಿತ್ತು. ನೀಲಿ ಗೆರೆ ಇನ್ನೂ ಮಾಸಿಲ್ಲ. ಒಂದು ತೂತಿಲ್ಲ. ಕೊಬ್ಬರಿ ತುಂಬಲು ಅಂತ ಮೊನ್ನೆ ತಾನೇ ತಂದಿದ್ದ ಹೊಸಾ ಗೋಣಿ.

ಹಸು ಹೊಡೆದುಕೊಂಡು ಬಂದಾಗ ಸಿದ್ದಮ್ಮ ಬಾಗಿಲಲ್ಲೇ ನಿಂತಿದ್ದಳು. ಗಂಡನ ತಲೆಯಿಂದ ನೀರು ಸುರಿಯುತ್ತಿತ್ತು. ಗೋಣಿ ನಾಲ್ಕು ಮಡಿಕೆಯಾಗಿ ಕಂಕುಳಲ್ಲಿ ಬೆಚ್ಚಗಿತ್ತು. ಅದನ್ನು ಯಾವಾಗ ತೆಗೆದರು, ಯಾವಾಗ ಮಡಿಸಿದರು ಅಂತ ಅವರಿಗೇ ನೆನಪಿರಲಿಲ್ಲ. ಬೆನ್ನ ಹಿಂದೆ ಬಚ್ಚಿಡಲು ನೋಡಿದರು, ತಡವಾಗಿತ್ತು.

ಸಿದ್ದಮ್ಮ ಕಂಕುಳು ನೋಡಿದಳು, ಮುಖ ನೋಡಿದಳು, ಕೈಲಿದ್ದ ಟವೆಲ್ಲು ಚಾಚಿದಳು.

"ಹಳೇದೇ ತಂದಿದ್ದೀನಿ. ಹೆದರಬೇಡಿ, ಒರೆಸ್ಕಳಿ."