ಎರಡು ಪುಕ್ಕದ ಗಾಳ

ಎಲ್ಲಕ್ಕೂ ಮೂಲ ಎರಡು ಪುಕ್ಕ.

ಸಾಗರದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಹರ್ಷವರ್ಧನನಿಗೆ ಫೋನಿನ ವಿಡಿಯೋ ನೋಡಿ ಹೊಸ ಹುಚ್ಚು ಹಿಡಿದಿತ್ತು. ಕಡಲ ದಡದಲ್ಲಿ ನಿಂತು, ಎರೆಹುಳದ ಬದಲು ಪುಕ್ಕ ಕಟ್ಟಿದ ಗಾಳವನ್ನು ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ತೂಗಿ ಎಸೆದು ಮೀನು ಹಿಡಿಯುವ ಹುಚ್ಚು. ಉದ್ದನೆಯ ಕೋಲು, ಹಸಿರು ದಾರ ತರಿಸಿ ತಿಂಗಳಿಂದ ಅಂಗಳದಲ್ಲಿ ಅಭ್ಯಾಸ ನಡೆಸಿದ್ದ. ದಾರ ತಲೆಯ ಮೇಲೆ ನಿಧಾನವಾಗಿ ಬಿಚ್ಚಿಕೊಳ್ಳುವಾಗ ಅವನಿಗೆ ಅಂಗಳವೇ ಸಮುದ್ರ. ಗಾಳಕ್ಕೆ ಮಾತ್ರ ಸಿಕ್ಕಿದ್ದು ಪಕ್ಕದ ಮನೆಯ ಮುದುಕಿ ಗುತ್ಯಮ್ಮನ ಸೀರೆ, ಹಪ್ಪಳದ ಚಾಪೆ, ಒಮ್ಮೆ ಆಕೆಯ ತುರುಬು.

“ಇವತ್ತು ಮೀನು ತಂದ್ರೆ ಸರಿ,” ಎಂದಳು ಹೆಂಡತಿ ಸುಷ್ಮಾ, ಭಾನುವಾರ ಬೆಳಿಗ್ಗೆ. “ಇಲ್ದಿದ್ರೆ ಆ ಕೋಲು ನನ್ನ ಮಲ್ಲಿಗೆ ಬಳ್ಳಿಗೆ.”

ಗುಂಡಿ ಆಗಲೇ ತೋಡಿಟ್ಟಿದ್ದಳು.

ಹೊರಡುವಾಗ ನೋಡಿದರೆ ಗಾಳದ ಪುಕ್ಕ ಉದುರಿಹೋಗಿದೆ. ಅಷ್ಟರಲ್ಲಿ ಗುತ್ಯಮ್ಮನ ಕೆಂಪು ಹುಂಜ ಬೇಲಿ ನುಸುಳಿ ಬಂತು. ಹರ್ಷ ಅಕ್ಕಿ ಚೆಲ್ಲಿ, ಬಾಲದಲ್ಲಿದ್ದ ಎರಡೂ ಉದ್ದ ಪುಕ್ಕಗಳನ್ನು ಕಿತ್ತು ಗಾಳಕ್ಕೆ ಕಟ್ಟಿಕೊಂಡ. ಹುಂಜ, ಬಸ್ಸಿನಲ್ಲಿ ಕರ್ಚೀಫು ಹಾಕಿದ ಸೀಟು ಕಳೆದುಕೊಂಡವರಂತೆ ಅವನನ್ನು ನೋಡಿತು.

ಘಟ್ಟ ಇಳಿದು ಹೊನ್ನಾವರದ ದಡ ಸೇರುವಾಗ ಬಿಸಿಲೇರಿತ್ತು. ಮೊಣಕಾಲುದ್ದ ನೀರಲ್ಲಿ ನಿಂತ. ಅಲೆ ಬರುತ್ತಿತ್ತು, ಹೋಗುತ್ತಿತ್ತು; ದಾರವೂ ಹಾಗೆಯೇ. ತೂಗುತ್ತಿರುವುದು ಕೋಲೋ, ಕಡಲೋ, ತಾನೋ ತಿಳಿಯದಾಯಿತು. ಅಂಗಡಿಯಲ್ಲಿ ಕಾದಿದ್ದ ಒಡೆದ ಸ್ಕ್ರೀನುಗಳೆಲ್ಲ ನೀರಿನ ಮೇಲೆ ಮಿನುಗಿ ಮಾಯವಾದವು.

ದಾರ ಬಿಗಿಯಿತು. ಕೋಲು ಬಾಗಿತು. ಆದರೆ ಬಾಗಿದ್ದು ಹಿಂದಕ್ಕೆ.

“ಓ ತಮ್ಮಾ, ಸಮುದ್ರ ಆ ಬದಿಗದೆ. ನನ್ನ ತಲೆ ಮೇಲಲ್ಲ.”

ಮೀನು ಮಾರುವ ಹೆಂಗಸು. ಅವನ ಗಾಳ ಅವಳ ಬುಟ್ಟಿಯೊಳಗಿನ ಬಂಗಡೆಯ ಬಾಯಿಗೆ ಸಿಕ್ಕಿಕೊಂಡಿತ್ತು. ಸಂಜೆಯ ತನಕ ಬೇರೇನೂ ಸಿಗಲಿಲ್ಲ. ಕೊಂಡುಕೊಂಡ ಆ ಬಂಗಡೆಯನ್ನೇ, ಸಾಕ್ಷಿಗಿರಲಿ ಎಂದು ಗಾಳ ಬಿಡಿಸದೆ ಮನೆಗೆ ತಂದ.

“ಅಂತೂ ಹಿಡಿದ್ರಿ,” ಎನ್ನುತ್ತ ಸುಷ್ಮಾ ಬೇಲಿಯಾಚೆ ಸುದ್ದಿ ಮುಟ್ಟಿಸಿದಳು. ಗುತ್ಯಮ್ಮ ಕೈಮುಗಿದುಕೊಂಡೇ ಬಂದಳು.

“ಚೌಡಮ್ಮ ಕಣ್ಣು ಬಿಟ್ಲು ಕಣೋ ಹರ್ಷ. ಈ ಹುಡ್ಗಂಗೆ ಒಂದ್ ಮೀನು ಸಿಕ್ಲಿ, ಹುಚ್ಚು ಇಳೀಲಿ, ನನ್ನ ಕೆಂಪು ಹುಂಜ ಕೊಡ್ತೀನಿ ಅಂತ ಹರಕೆ ಹೊತ್ತಿದ್ದೆ.”

ಹುಂಜ ಬೇಲಿಯ ಮೇಲೆ ಬೆನ್ನು ಹಾಕಿ ಕೂತಿತ್ತು. ಗುತ್ಯಮ್ಮ ಅದರ ಹಿಂಭಾಗ ನೋಡಿದಳು. ಆಮೇಲೆ ಬಂಗಡೆಯ ಬಾಯಿಂದ ಇಣುಕುತ್ತಿದ್ದ ಕೆಂಪು ಪುಕ್ಕ ನೋಡಿದಳು.

“ಊನ ಆದ ಕೋಳಿ ಚೌಡಮ್ಮಂಗೆ ಆಗಲ್ಲ,” ಎಂದಳು ತಣ್ಣಗೆ. “ಮೀನು ಸಿಕ್ಕಾಯ್ತು, ಹರಕೆ ತಡ ಮಾಡೋ ಹಾಗಿಲ್ಲ. ಇನ್ನು ಬೇರೆ ಹುಂಜ ಕೊಡೋದು ನಿನ್ನ ತಲೆ ಮೇಲೆ.”

“ಅಜ್ಜೀ, ಹರಕೆ ಇನ್ನೂ ಫಲಿಸಿಲ್ಲ. ಇದು ಬುಟ್ಟಿ ಮೀನು,” ಎಂದುಬಿಟ್ಟ ಹರ್ಷ.

ಸುಷ್ಮಾ ಕೋಲು ಎತ್ತಿಕೊಂಡು ಮಲ್ಲಿಗೆ ಗುಂಡಿಯತ್ತ ನಡೆದಳು.

“ಹಾಗಾದ್ರೆ ಬಾಲ ಬೆಳೆಯೋ ತನಕ ಇದು ನಿಮ್ಮನೇಲೇ ಇರ್ಲಿ,” ಗುತ್ಯಮ್ಮ ಹುಂಜವನ್ನು ಅವನ ಕೈಗಿಟ್ಟಳು. “ಚೆನ್ನಾಗಿ ಮೇಯ್ಸು.”

ಹುಂಜ ಕೊಸರಿಕೊಂಡು ಹಾರಿ, ಆಗಷ್ಟೇ ನೆಟ್ಟ ಕೋಲಿನ ತುದಿ ಹಿಡಿಯಿತು. ಕೋಲು ನಿಧಾನವಾಗಿ ನೆಲದ ತನಕ ಬಾಗಿತು, ಥೇಟ್ ದೊಡ್ಡ ಮೀನು ಕಚ್ಚಿದ ಹಾಗೆ. ಹರ್ಷವರ್ಧನ ಅರೆಗಳಿಗೆ ಕಣ್ಣು ಮುಚ್ಚಿದ. ಅಲೆಯ ಸದ್ದು ಕೇಳಿದಂತಾಯಿತು.

ಹುಂಜ ಕೂಗಿತು.