ಸಗರದಲ್ಲಿ ಇಲ್ಲದ ಮಲ್ಕಪ್ಪ

1953ರ ಜೂನ್ ತಿಂಗಳ ಒಂದು ಬೆಳಿಗ್ಗೆ ಮಲ್ಕಪ್ಪ ಯಾದಗಿರಿಯಲ್ಲಿ ಕೊಂಡ ತಗಡಿನ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಸಗರ ಮುಟ್ಟಿದಾಗ, ಪಕ್ಕದ ಮನೆಯ ರೇಣಮ್ಮ ಕುಸ್ತಿ ಗೆದ್ದ ಪೈಲ್ವಾನನ ತಾಯಿಯ ಹಾಗೆ ನಗುತ್ತ ಎದುರು ಬಂದಳು.

“ಚಿಂತಿ ಮಾಡಬ್ಯಾಡ ತಮ್ಮಾ. ನಿನ್ನ ಹುಡುಕ್ಕೊಂತ ನಿನ್ನೆ ಪೊಲೀಸಾಂವ ಬಂದಿದ್ದ. ಮಲ್ಕಪ್ಪ ಅನ್ನಾಂವ ಈ ಊರಾಗ ಹುಟ್ಟೇ ಇಲ್ಲಂತ ಹೇಳಿ ಕಳಿಸೀವಿ.”

ಟ್ರಂಕು ನೆಲಕ್ಕೆ ಬಿತ್ತು.

ಮಲ್ಕಪ್ಪ ಕುರಿ ಕಾಯುವವರ ಮಗ. ಹೈದರಾಬಾದಿನಲ್ಲಿ ವಕೀಲಿ ಓದಿದವನು. ಬೇರೆ ಬೇರೆ ದೇಶ, ಧರ್ಮಗಳ ಜನ ಹೇಗೆ ಆಣೆ ಮಾಡುತ್ತಾರೆ, ಕೋರ್ಟು ಅದನ್ನು ಎಷ್ಟರಮಟ್ಟಿಗೆ ನಂಬಬೇಕು ಎಂಬುದು ಅವನ ಸಂಶೋಧನೆಯ ವಿಷಯ. ಅದಕ್ಕೆಂದು ಲಂಡನ್ನಿನ ಒಂದು ವಿಶ್ವವಿದ್ಯಾಲಯ ಮೂರು ವರ್ಷದ ವಿದ್ಯಾರ್ಥಿವೇತನ ಕೊಟ್ಟಿತ್ತು. ಪಾಸ್‌ಪೋರ್ಟ್ ಒಂದೇ ಬಾಕಿ. ಅದಕ್ಕೆ ಪೊಲೀಸರು ಊರಿಗೆ ಬಂದು ವಿಚಾರಿಸಿ ವರದಿ ಕಳಿಸಬೇಕಿತ್ತು.

“ಅಂವ ನನ್ನ ಹಿಡಿಯಾಕ ಬಂದಿದ್ದಿಲ್ಲಬೇ! ನಾ ಇದ್ದೀನಿ ಅಂತ ಬರಕೊಳ್ಳಾಕ ಬಂದಿದ್ದ!”

ಕುರಿ ಬಿಟ್ಟುಕೊಂಡು ಹೊರಟಿದ್ದ ಹುಲಗಪ್ಪ ಅಲ್ಲೇ ನಿಂತ. “ಹಂಗ ಹೇಳಬೇಕಿಲ್ಲೋ ಮೊದಲ? ಬರೇ ಮಾತಿಗೆ ನಂಬಲಿಲ್ಲ ಮಗ, ಆಣಿ ಮಾಡ್ರಿ ಅಂದ. ನಾ ಮರಿ ತಲಿ ಮುಟ್ಟಿದೆ, ರೇಣವ್ವ ದೇವರ ಭಂಡಾರ ಮುಟ್ಟಿದಳು, ಖಾಜಾಮಿಯಾ ಗಡ್ಡ ಹಿಡಕೊಂಡ.”

“ನನ್ನ ಗಡ್ಡಾನೇ ಹಿಡಕೊಂಡೆ, ಅವಂದಲ್ಲ,” ಎಂದು ಖಾಜಾಮಿಯಾ ಕಟ್ಟೆಯ ಮೇಲಿಂದ ಸ್ಪಷ್ಟಪಡಿಸಿದ.

ಮಲ್ಕಪ್ಪ ಬೈಯಲು ಬಾಯಿ ತೆರೆದ. ಬೈಯದೆ, ಬಿದ್ದ ಟ್ರಂಕನ್ನು ಎತ್ತಿಟ್ಟ. ಐದು ವರ್ಷದ ಹಿಂದೆ, ಚಳವಳಿಗೆ ಸೇರಿದ್ದಾನೆಂದು ನಿಜಾಮನ ಪೊಲೀಸರು ಅವನನ್ನು ಹುಡುಕಿ ಬಂದಾಗ ಇದೇ ಮೂವರು ಇದೇ ಮಾತು ಹೇಳಿದ್ದರು. ಅವನು ರೇಣಮ್ಮನ ಬಣವೆಯೊಳಗಿದ್ದ. ಬಣವೆಯ ಮೇಲೆ ಖಾಜಾಮಿಯಾ ಕೋಳಿ ಕಾವಿಗೆ ಕೂತ ಹಾಗೆ ಕೂತಿದ್ದ. ಹುಲಗಪ್ಪ ಎರಡು ಏಟು ತಿಂದರೂ ಮಾತು ಬದಲಿಸಲಿಲ್ಲ. ಪೊಲೀಸರ ಪ್ರಶ್ನೆಗೆ ಊರು ಕಲಿತಿದ್ದ ಉತ್ತರ ಅದೊಂದೇ. ನಿಜಾಮನ ಆಳ್ವಿಕೆ ಹೋಗಿತ್ತು, ಉತ್ತರ ಹೋಗಿರಲಿಲ್ಲ.

ವರದಿ ಆ ದಿನ ನಾಲ್ಕು ಗಂಟೆಯ ಟಪಾಲಿಗೆ ಹೊರಡುವುದಿತ್ತು. ನಾಲ್ವರೂ ಬಂಡಿ ಕಟ್ಟಿಕೊಂಡು ಶಹಾಪುರದ ಠಾಣೆಗೆ ಬಂದಾಗ ಮೂರೂವರೆ.

ಠಾಣೆಯ ಮುಖ್ಯಸ್ಥರಾದ ಅಮೀನ ಸಾಹೇಬರು ಬೀದರಿನಿಂದ ವರ್ಗವಾಗಿ ಬಂದು ಎಂಟು ದಿನವಾಗಿತ್ತಷ್ಟೆ. ಕಾಗದ ನೋಡಿ, “ಇಂವ ಇಲ್ಲಂತ ಮೂರು ಮಂದಿ ಆಣಿ ಮಾಡ್ಯಾರಲ್ಲ?” ಎಂದರು.

“ಅದಾನ್ರಿ ಸಾಹೇಬ್ರ! ಇಲ್ಲೇ ನಿಂತಾನಲ್ರಿ!” ಎಂದಳು ರೇಣಮ್ಮ.

“ಮತ್ತ ಆಣಿ ಮಾಡಂದ್ರ ಮಾಡತೀವ್ರಿ,” ಎಂದ ಹುಲಗಪ್ಪ. “ಇಲ್ಲೊಂದು ಕುರಿಮರಿ ಸಿಗತದೇನ್ರಿ?”

ಅಮೀನರು ಲೇಖನಿ ಕೆಳಗಿಟ್ಟರು. “ಬರಕೊಳ್ಳೂ ಮುಂಚೆ ಹೇಳತೀನಿ, ಕೇಳ್ರಿ. ನಿನ್ನಿ ಮಾತು ಖರೇ ಇದ್ರ ಇಂವ ಇಲ್ಲ. ಇವತ್ತಿಂದು ಖರೇ ಇದ್ರ, ಸರ್ಕಾರಿ ನೌಕರಗ ಸುಳ್ಳು ಹೇಳಿದ್ದಕ್ಕ ಮೂರೂ ಮಂದಿ ಮ್ಯಾಲ ಕೇಸು. ಆರು ತಿಂಗಳ ತನಕ ಜೇಲು. ಯಾವುದು ಬರೀಲಿ?”

ಕಾನೂನು ಹಾಗೇ ಇದೆ ಎಂದು ಮಲ್ಕಪ್ಪನಿಗೆ ಚೆನ್ನಾಗಿ ಗೊತ್ತಿತ್ತು.

“ಬರೀರಿ ಸಾಹೇಬ್ರ,” ಎಂದ ಹುಲಗಪ್ಪ. “ಹುಡುಗ ವಿಲಾಯ್ತಿಗೆ ಹೋಗಲಿ. ಆರು ತಿಂಗಳು ಕುರಿ ಯಾರರ ಕಾಯ್ತಾರ.”

ಖಾಜಾಮಿಯಾ ಹೌದೆಂದು ತಲೆಯಾಡಿಸಿದ. ರೇಣಮ್ಮ ಆಗಲೇ ಸೆರಗು ಬಿಗಿದು ಜೈಲಿಗೆ ಹೊರಡಲು ಸಿದ್ಧಳಾಗಿ ನಿಂತಿದ್ದಳು.

ಮಲ್ಕಪ್ಪ ಮೂವರ ಮುಖವನ್ನೂ ನೋಡಿದ. ಗೋಡೆಯ ಗಡಿಯಾರದಲ್ಲಿ ನಾಲ್ಕಕ್ಕೆ ಐದು ನಿಮಿಷವಿತ್ತು.

“ನಿನ್ನಿದೇ ಖರೇ ಅದರಿ,” ಎಂದ. “ಮಲ್ಕಪ್ಪ ಅನ್ನಾಂವ ಸಗರದಾಗ ಇಲ್ಲ. ಬೇಕಾದ್ರ ನಾನೂ ಆಣಿ ಮಾಡತೀನಿ.”

ಅಮೀನರು ವರದಿಯನ್ನು ಲಕೋಟೆಗೆ ಹಾಕಿ ಅಂಟಿಸಿ ಟಪಾಲಿಗೆ ಕೊಟ್ಟರು. ಆಮೇಲೆ ಅವನ ಕಡೆ ತಿರುಗಿ, “ಹಂಗಾರ ನೀವ್ಯಾರು?” ಎಂದರು.

ಲಂಡನ್ನಿನವರು ಮೆಚ್ಚಿದ ವಿದ್ವಾಂಸ ರೇಣಮ್ಮನ ಕಡೆ ತಿರುಗಿದ.

“ನನ್ನ ಮಗ್ರೀ, ಸಾಬಣ್ಣ,” ಎಂದಳು ಮಕ್ಕಳಿಲ್ಲದ ರೇಣಮ್ಮ.

ಹುಲಗಪ್ಪನೂ ಖಾಜಾಮಿಯಾನೂ, ಯಾರೂ ಕೇಳುವ ಮೊದಲೇ, ಆಣೆಗೆ ಕೈ ಎತ್ತಿದ್ದರು.